ಹದಿಹರೆಯದವರು ನೋಡುವ ಸಾಹಸ ಧಾರಾವಾಹಿ: ಸೂಕ್ತವೇ ಅಲ್ಲವೇ ಎಂದು ತಿಳಿಯುವ ಬಗೆ

ಕಳೆದ ಬೇಸಿಗೆ ರಜೆಗೆ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಹದಿನಾಲ್ಕು ವರ್ಷದ ಹುಡುಗ. ಅಜ್ಜನ ಮನೆಯಲ್ಲಿ ಹೋರಿಗರುವಿಗೆ ಮೂಗುದಾರ ಹಾಕುವುದನ್ನು ನೋಡಲಾರದೆ ಹಿತ್ತಿಲಿಗೆ ಓಡಿಹೋಗಿದ್ದವನು. ಗೆಳೆಯನ ಅಣ್ಣ ಹೇಳಿದನೆಂದು ‘24’ ಎಂಬ ಅಮೆರಿಕದ ಹಳೆಯ ಸಾಹಸ ಧಾರಾವಾಹಿಯನ್ನು ನೋಡಲು ಕುಳಿತ. ನಾನು ಅಡುಗೆಮನೆಗೂ ಹಾಲ್‌ಗೂ ಓಡಾಡುತ್ತ ಆಗಾಗ ಕಣ್ಣು ಹಾಯಿಸುತ್ತಿದ್ದೆ. ರಕ್ತ ಅತಿಯಾಗಿ ಇರಲಿಲ್ಲ, ಅಶ್ಲೀಲ ದೃಶ್ಯ ಕಾಣಲಿಲ್ಲ, ಕೆಟ್ಟ ಬೈಗುಳವೂ ಕಿವಿಗೆ ಬೀಳಲಿಲ್ಲ. ಪರವಾಗಿಲ್ಲ ಎಂದುಕೊಂಡೆ.

ರಜೆಯ ಎರಡನೆಯ ವಾರಕ್ಕೆ ಅವನು ಎರಡನೆಯ ಸೀಸನ್ನಿನ ನಡುವಿಗೆ ಬಂದಿದ್ದ. ಅಲ್ಲೊಂದು ದೃಶ್ಯವಿದೆ. ಅಣುಬಾಂಬ್ ಎಲ್ಲಿದೆ ಎಂದು ಬಲ್ಲ ಒಬ್ಬ ಭಯೋತ್ಪಾದಕ ಸೆರೆ ಸಿಕ್ಕಿದ್ದಾನೆ. ಅವನು ಬಾಯಿ ಬಿಡುತ್ತಿಲ್ಲ. ಆಗ ನಾಯಕ, ದೂರದ ದೇಶದಲ್ಲಿರುವ ಅವನ ಮಕ್ಕಳನ್ನು ಪರದೆಯ ಮೇಲೆ ತೋರಿಸಿ, ಅಪ್ಪನ ಕಣ್ಣೆದುರೇ ಒಬ್ಬ ಮಗನಿಗೆ ಗುಂಡು ಹಾರಿಸಲು ಆಜ್ಞೆ ಕೊಡುತ್ತಾನೆ. ಎರಡನೆಯ ಮಗನ ಸರದಿ ಬರುವಷ್ಟರಲ್ಲಿ ಅಪ್ಪ ಎಲ್ಲವನ್ನೂ ಹೇಳಿಬಿಡುತ್ತಾನೆ. ಗುಂಡು ಹಾರಿಸಿದ್ದು ಬರಿಯ ನಾಟಕ, ಹುಡುಗ ಸತ್ತಿಲ್ಲ ಎಂದು ನಮಗೆ ಆಮೇಲೆ ತಿಳಿಯುತ್ತದೆ. ನಮ್ಮ ಹುಡುಗ ಉಸಿರು ಬಿಟ್ಟು, ಕಣ್ಣರಳಿಸಿ, “ಎಂಥ ಉಪಾಯ ಅಲ್ಲವೇ ದೊಡ್ಡಮ್ಮ!” ಎಂದ.

ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಅವನ ಪಕ್ಕ ಕುಳಿತೆ. ಮಗುವಿನ ಕೊಲೆಯನ್ನು ತೋರಿಸಿ ಅಪ್ಪನನ್ನು ಮುರಿಯುವುದು ಆ ಮೃದು ಮನಸ್ಸಿನ ಹುಡುಗನಿಗೆ ಜಾಣತನವಾಗಿ ಕಂಡಿತ್ತು. ಅದು ಅವನ ತಪ್ಪಲ್ಲ. ದೃಶ್ಯವನ್ನು ಹಾಗೆ ಕಾಣಲೆಂದೇ ಕಟ್ಟಲಾಗಿದೆ. ನಾನು ಎರಡು ವಾರ ಅಳೆಯುತ್ತಿದ್ದುದು ರಕ್ತದ ಪ್ರಮಾಣವನ್ನು. ಆ ಏಟು ಏನನ್ನು ಸಾಧಿಸಿತು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆಮೇಲೆ ನಾನು ರೂಢಿಸಿಕೊಂಡ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಇದೇ ಧಾರಾವಾಹಿಯನ್ನು ಇಟ್ಟುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ ಓಡುತ್ತಿರುವುದು ಬೇರೆ ಯಾವುದೇ ಆಗಿದ್ದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ಹೆಜ್ಜೆ 1: ಮೊದಲು ಮಗುವನ್ನು ನೋಡಿ

ಹದಿಮೂರು ಮತ್ತು ಹದಿನೇಳು ಎರಡೂ ಹದಿಹರೆಯವೇ. ಆದರೆ ಏಳನೇ ತರಗತಿ ದಾಟಿದ ಮಗುವಿಗೂ ದ್ವಿತೀಯ ಪಿಯುಸಿ ಓದುವವರಿಗೂ ಒಂದೇ ಅಳತೆಗೋಲು ಆಗುವುದಿಲ್ಲ. ಒಂದೇ ವಯಸ್ಸಿನ ಇಬ್ಬರಲ್ಲೂ ವ್ಯತ್ಯಾಸವಿರುತ್ತದೆ. ಒಬ್ಬಳು ಗುಂಡಿನ ಕಾಳಗವನ್ನು ನೋಡಿ ಊಟ ಮಾಡಿ ಮಲಗುತ್ತಾಳೆ. ಇನ್ನೊಬ್ಬಳಿಗೆ ಅಪಹರಣದ ಒಂದು ದೃಶ್ಯ ಸಾಕು, ಟ್ಯೂಷನ್‌ನಿಂದ ಕತ್ತಲಲ್ಲಿ ಮನೆಗೆ ಬರಲು ವಾರಗಟ್ಟಲೆ ಹೆದರುತ್ತಾಳೆ.

ಆದ್ದರಿಂದ ಧಾರಾವಾಹಿಯ ಹೆಸರನ್ನು ಹುಡುಕುವ ಮೊದಲೇ ಕೆಲವು ಸಂಗತಿಗಳನ್ನು ನೆನಪಿಗೆ ತಂದುಕೊಳ್ಳಿ. ಕಳೆದ ಆರು ತಿಂಗಳಲ್ಲಿ ಮನೆಯಲ್ಲಿ ಸಾವು, ಅಪಘಾತ, ಆಸ್ಪತ್ರೆವಾಸ ಏನಾದರೂ ನಡೆದಿದೆಯೇ? ಶಾಲೆಯಲ್ಲಿ ಯಾರಾದರೂ ಮಗುವನ್ನು ಪೀಡಿಸುತ್ತಿದ್ದಾರೆಯೇ? ಹಿಂದೆ ಯಾವ ದೃಶ್ಯ ನೋಡಿ ಕಂಗೆಟ್ಟಿತ್ತು? ತಂದೆಯನ್ನು ಕಳೆದುಕೊಂಡ ಹುಡುಗನಿಗೆ, ನಾಯಕನ ಅಪ್ಪ ಸಾಯುವ ದೃಶ್ಯವಿರುವ ಸೌಮ್ಯವಾದ ಕತೆಯೂ ಭಾರವಾಗಬಹುದು.

ಇನ್ನೊಂದನ್ನು ನಾವು ಮರೆತೇಬಿಡುತ್ತೇವೆ. ನಮ್ಮ ಬಹುತೇಕ ಮನೆಗಳಲ್ಲಿ ಟಿವಿ ಇರುವುದು ಹಾಲ್‌ನಲ್ಲಿ, ಎಲ್ಲರಿಗೂ ಒಂದೇ. ಹದಿನಾರರ ಅಕ್ಕ ನೋಡುವುದನ್ನು ಎಂಟು ವರ್ಷದ ತಮ್ಮ ಚಾಪೆಯ ಮೇಲೆ ಮಲಗಿಕೊಂಡು ನೋಡುತ್ತಿರುತ್ತಾನೆ. ಹಾಗಿದ್ದಲ್ಲಿ ನಿಮ್ಮ ತೀರ್ಮಾನ ಆ ಎಂಟು ವರ್ಷದವನನ್ನೂ ಸೇರಿಸಿಕೊಂಡೇ ಆಗಬೇಕು. ಇಲ್ಲವಾದರೆ ಅವನು ಮಲಗಿದ ಮೇಲೆ ನೋಡುವ ಏರ್ಪಾಡು ಬೇಕು.

ಹೆಜ್ಜೆ 2: ವಯಸ್ಸಿನ ಗುರುತನ್ನು ಓದಿ, ಅದರ ಮಿತಿಯನ್ನೂ ತಿಳಿಯಿರಿ

ಚಲನಚಿತ್ರಕ್ಕೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಇರುವಂತೆ ಒಟಿಟಿ ಧಾರಾವಾಹಿಗೂ ಸರ್ಕಾರದ ಯಾರೋ ನೋಡಿ ಮೊಹರು ಹಾಕಿದ್ದಾರೆ ಎಂದು ಅನೇಕರು ನಂಬಿದ್ದಾರೆ. ವಾಸ್ತವ ಬೇರೆ. 2021ರ ಫೆಬ್ರವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿ ಸಂಸ್ಥೆಗಳು ತಮ್ಮ ಕಾರ್ಯಕ್ರಮಗಳನ್ನು ತಾವೇ ವರ್ಗೀಕರಿಸಬೇಕು: ಯು, ಯು/ಎ 7+, ಯು/ಎ 13+, ಯು/ಎ 16+ ಮತ್ತು ಎ. ಯು/ಎ 13+ ಮತ್ತು ಅದಕ್ಕಿಂತ ಮೇಲಿನ ವರ್ಗಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಇರಬೇಕು. ‘ಎ’ ವರ್ಗಕ್ಕೆ ವಯಸ್ಸನ್ನು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಇರಬೇಕು. ಯು/ಎ 13+ ಎಂದರೆ ಹದಿಮೂರು ತುಂಬಿದವರಿಗೆ ಸೂಕ್ತ, ಅದಕ್ಕಿಂತ ಚಿಕ್ಕವರು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದು ಎಂದರ್ಥ. ಚಿಕ್ಕವರಿಗೆ ಪೂರ್ತಿ ನಿಷೇಧವೆಂದು ಅದರ ಅರ್ಥವಲ್ಲ.

ಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಹಿಂಸೆ’, ‘ಭಾಷೆ’, ‘ಮಾದಕ ವಸ್ತು’ ಮುಂತಾದ ವಿವರಣೆ ಬರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಮರೆಯಾಗುವ ಆ ಸಾಲನ್ನು ನಿಲ್ಲಿಸಿ ಓದಿ, ಸಂಖ್ಯೆಗಿಂತ ಅದರಲ್ಲಿ ಸತ್ವ ಹೆಚ್ಚು. ಇದೇ ನಿಯಮಗಳ ಅನುಬಂಧದಲ್ಲಿ ವರ್ಗೀಕರಣಕ್ಕೆ ಗಮನಿಸಬೇಕಾದ ಅಂಶಗಳ ಪಟ್ಟಿಯಿದೆ. ಹಿಂಸೆ, ನಗ್ನತೆ, ಭಾಷೆಗಳ ಜೊತೆಗೆ ‘ಅನುಕರಿಸಬಹುದಾದ ವರ್ತನೆ’ ಎಂಬುದೂ ಅಲ್ಲಿ ಇದೆ. ಪೋಷಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಅಂಶವದು.

ಕೇಬಲ್ ಅಥವಾ ಡಿಶ್ ಮೂಲಕ ಬರುವ ವಾಹಿನಿಗಳ ಧಾರಾವಾಹಿಗಳಿಗೆ ಇಂಥ ವಯಸ್ಸಿನ ಸಂಖ್ಯೆ ಇರುವುದಿಲ್ಲ. ಅವು 1995ರ ಕೇಬಲ್ ಟಿವಿ ಕಾಯ್ದೆಯ ಅಡಿಯ ಕಾರ್ಯಕ್ರಮ ಸಂಹಿತೆಗೆ ಒಳಪಡುತ್ತವೆ. ದೂರು ಇದ್ದರೆ ಮೊದಲು ವಾಹಿನಿಗೇ ಬರೆಯಬೇಕು. ಪ್ರಸಾರಕರ ಸಂಘಟನೆ 2011ರಲ್ಲಿ ರಚಿಸಿದ ಬಿಸಿಸಿಸಿ ಎಂಬ ದೂರು ಮಂಡಳಿಯೂ ಇದೆ.

‘24’ಕ್ಕೆ ಅಮೆರಿಕದಲ್ಲಿ ಸಿಕ್ಕಿದ ಗುರುತು ಟಿವಿ-14, ಅಂದರೆ ಹದಿನಾಲ್ಕರ ಒಳಗಿನವರಿಗೆ ಸೂಕ್ತವಾಗದಿರಬಹುದು ಎಂಬ ಎಚ್ಚರಿಕೆ. ನಮ್ಮ ಹುಡುಗ ಆ ಗೆರೆಯನ್ನು ಎರಡು ತಿಂಗಳ ಹಿಂದಷ್ಟೇ ದಾಟಿದ್ದ. ಮೇಲೆ ಹೇಳಿದ ವಿಚಾರಣೆಯ ದೃಶ್ಯದಲ್ಲಿ ನಿಜವಾಗಿ ಯಾರೂ ಸಾಯುವುದಿಲ್ಲ; ರಕ್ತದ ಲೆಕ್ಕದಲ್ಲಿ ಅದು ಹಗುರವೇ. ಸಂಖ್ಯೆ ಹೇಳಲಾರದ್ದು ಇದನ್ನೇ. ಅದು ಪ್ರಮಾಣವನ್ನು ತಿಳಿಸುತ್ತದೆ, ಅರ್ಥವನ್ನು ತಿಳಿಸುವುದಿಲ್ಲ.

ಹೆಜ್ಜೆ 3: ಮೂರು ಸಂಚಿಕೆ ನೀವೇ ನೋಡಿ

ಮೊದಲ ಸಂಚಿಕೆಯೊಂದನ್ನೇ ನೋಡಿ ಒಪ್ಪಿಗೆ ಕೊಡಬೇಡಿ. ಸಾಹಸ ಧಾರಾವಾಹಿಗಳು ಏರುತ್ತ ಹೋಗುತ್ತವೆ. ಮೊದಲಿಗೆ ಒಂದು ಕಾರು ಸ್ಫೋಟಿಸಿದರೆ ಐದನೆಯದರಲ್ಲಿ ಕಟ್ಟಡವೇ ಉರುಳಬೇಕು, ಇಲ್ಲವಾದರೆ ನೋಡುಗರು ಉಳಿಯುವುದಿಲ್ಲ. ನಾನು ನೋಡುವುದು ಮೂರನ್ನು: ಮೊದಲನೆಯದು, ನಡುವಿನದೊಂದು, ಸೀಸನ್ನಿನ ಕೊನೆಯದಕ್ಕಿಂತ ಒಂದು ಹಿಂದಿನದು. ಅತ್ಯಂತ ಕ್ರೂರ ದೃಶ್ಯಗಳು ಹೆಚ್ಚಾಗಿ ಆ ಕೊನೆಯ ಹಿಂದಿನ ಸಂಚಿಕೆಯಲ್ಲಿರುತ್ತವೆ. ಕೊನೆಯದು ಗಂಟು ಬಿಡಿಸುವುದಕ್ಕೆ ಮೀಸಲು.

ಮೊದಲ ಸೀಸನ್ ಸರಿಯಿತ್ತು, ಎರಡನೆಯದೂ ಸರಿಯಿರುತ್ತದೆ ಎಂದುಕೊಳ್ಳುವುದು ನಾನೇ ಮಾಡಿದ ತಪ್ಪು. ‘24’ರ ಎರಡನೆಯ ಸೀಸನ್ನಿನ ಮೊದಲ ಸಂಚಿಕೆಯಲ್ಲಿಯೇ ನಾಯಕ ಒಬ್ಬ ಸಾಕ್ಷಿಯನ್ನು ಕಚೇರಿಯೊಳಗೆ ಗುಂಡಿಟ್ಟು ಕೊಂದು, ತಲೆಯನ್ನು ಬೇರ್ಪಡಿಸಲು ಗರಗಸ ಕೇಳುತ್ತಾನೆ. ಮೊದಲ ಸೀಸನ್ನಿಗೂ ಇದಕ್ಕೂ ಅಜಗಜಾಂತರ. ಹೊಸ ಸೀಸನ್ ಬಂದಾಗ ಹೊಸ ಧಾರಾವಾಹಿಯೆಂದೇ ಭಾವಿಸಿ ಮತ್ತೆ ಅಳೆಯಬೇಕು.

ಸಮಯವಿಲ್ಲದವರು ಏನು ಮಾಡಬೇಕು? ಐಎಂಡಿಬಿ ತಾಣದಲ್ಲಿ ಪ್ರತಿ ಧಾರಾವಾಹಿಗೆ ‘ಪೇರೆಂಟ್ಸ್ ಗೈಡ್’ ಎಂಬ ಪುಟವಿದೆ. ಲೈಂಗಿಕತೆ, ಹಿಂಸೆ, ಬೈಗುಳ, ಮದ್ಯ-ಮಾದಕ ವಸ್ತು, ಭಯಾನಕ ದೃಶ್ಯ ಎಂದು ಐದು ಭಾಗಗಳಲ್ಲಿ ನೋಡುಗರೇ ದೃಶ್ಯಗಳನ್ನು ವಿವರಿಸಿರುತ್ತಾರೆ. ಕಾಮನ್ ಸೆನ್ಸ್ ಮೀಡಿಯಾ ಎಂಬ ಅಮೆರಿಕದ ಲಾಭರಹಿತ ಸಂಸ್ಥೆ ವಯಸ್ಸಿನ ಸಲಹೆಯೊಂದಿಗೆ ವಿಮರ್ಶೆ ಕೊಡುತ್ತದೆ. ಎರಡೂ ಉಪಯುಕ್ತ. ಆದರೆ ಅವುಗಳ ಅಳತೆ ಅಮೆರಿಕದ ಮನೆಗಳದು. ಬೈಗುಳದ ವಿಷಯದಲ್ಲಿ ನಾವು ಹೆಚ್ಚು ಸಂಕೋಚಪಡುತ್ತೇವೆ. ಹೊಡೆತದ ವಿಷಯದಲ್ಲಿ, ದುಃಖದಿಂದಲೇ ಹೇಳುತ್ತೇನೆ, ನಮ್ಮ ಸಿನಿಮಾಗಳು ನಮ್ಮನ್ನು ತುಂಬ ಪಳಗಿಸಿವೆ.

ಡಬ್ಬಿಂಗ್ ಆವೃತ್ತಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಕನ್ನಡದಲ್ಲೋ ಹಿಂದಿಯಲ್ಲೋ ಕೇಳಿದಾಗ ಮಾತು ಹಿತವಾಗಿರಬಹುದು. ಮೂಲದಲ್ಲಿ ಅದು ಕಟುವಾದ ಬೈಗುಳವಾಗಿರಬಹುದು. ಮಗು ಯಾವ ಭಾಷೆಯಲ್ಲಿ ನೋಡುತ್ತದೆಯೋ ಅದೇ ಭಾಷೆಯಲ್ಲಿ, ಉಪಶೀರ್ಷಿಕೆ ಹಾಕಿಕೊಂಡು ನೋಡುವುದು ಒಳ್ಳೆಯದು. ‘24’ಕ್ಕೆ ಹಿಂದಿ ರೂಪವೂ ಇದೆ: 2013ರಲ್ಲಿ ಕಲರ್ಸ್ ವಾಹಿನಿಯಲ್ಲಿ ಅನಿಲ್ ಕಪೂರ್ ನಾಯಕರಾಗಿ ಮುಂಬೈ ಹಿನ್ನೆಲೆಯಲ್ಲಿ ಅದು ಬಂತು. ಒಂದೇ ಕತೆಯ ಎರಡು ರೂಪಗಳನ್ನು ಒಂದೇ ಎಂದು ತಿಳಿಯಬಾರದು. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಹೆಜ್ಜೆ 4: ಒಂದು ಹೊಡೆದಾಟವನ್ನು ಆರಿಸಿಕೊಂಡು ಪ್ರಶ್ನೆ ಕೇಳಿ

ಇದೇ ಮುಖ್ಯವಾದ ಹೆಜ್ಜೆ, ಇದಕ್ಕೆ ಸಾವಧಾನ ಬೇಕು. 1990ರ ದಶಕದಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಸೇರಿ ‘ರಾಷ್ಟ್ರೀಯ ಟೆಲಿವಿಷನ್ ಹಿಂಸೆ ಅಧ್ಯಯನ’ ಎಂಬ ದೊಡ್ಡ ಸಂಶೋಧನೆ ನಡೆಸಿದವು. ಹಿಂಸೆಯ ಪ್ರಮಾಣಕ್ಕಿಂತ ಸಂದರ್ಭ ಮುಖ್ಯ ಎಂಬುದನ್ನು ಆ ಅಧ್ಯಯನ ಒತ್ತಿ ಹೇಳಿತು. ಅದರ ಮೊದಲ ವರ್ಷದ ವರದಿಯ ಪ್ರಕಾರ, ಹಿಂಸೆಯ ದೃಶ್ಯಗಳಲ್ಲಿ ಶೇ. 73ರಷ್ಟರಲ್ಲಿ ಹಿಂಸೆ ಮಾಡಿದವನಿಗೆ ಆ ದೃಶ್ಯದಲ್ಲಿ ಶಿಕ್ಷೆಯೇ ಆಗುವುದಿಲ್ಲ. ಹೊಡೆಯುವವನು ಆಕರ್ಷಕನಾಗಿದ್ದರೆ, ಹೊಡೆತಕ್ಕೆ ನ್ಯಾಯವಾದ ಕಾರಣವಿದ್ದಂತೆ ತೋರಿದರೆ, ದೃಶ್ಯ ನೈಜವಾಗಿದ್ದರೆ, ಶಿಕ್ಷೆ ಇಲ್ಲದಿದ್ದರೆ, ಪೆಟ್ಟು ತಿಂದವನ ನೋವು ಕಾಣದಿದ್ದರೆ, ನೋಡುವ ಮಗು ಅದನ್ನು ಕಲಿಯುವ ಅಪಾಯ ಹೆಚ್ಚು.

ಇದನ್ನೇ ಮನೆಯ ಮಾತಿಗೆ ಇಳಿಸಿಕೊಂಡು ನಾನು ಕೇಳುವುದು ಹೀಗೆ.

ಹೊಡೆದವನು ಯಾರು? ಖಳನ ಕ್ರೌರ್ಯ ಮಗುವಿಗೆ ಭಯ ತರುತ್ತದೆ. ನಾಯಕನ ಕ್ರೌರ್ಯ ಮೆಚ್ಚುಗೆ ತರುತ್ತದೆ. ನಾನು ಹೆಚ್ಚು ಹುಷಾರಾಗಿರುವುದು ಎರಡನೆಯದರ ಬಗ್ಗೆ.

ಪೆಟ್ಟು ತಿಂದವನಿಗೆ ಆಮೇಲೆ ಏನಾಯಿತು? ಕುರ್ಚಿಯಿಂದ ತಲೆಗೆ ಹೊಡೆಸಿಕೊಂಡವನು ಮರುಕ್ಷಣ ಎದ್ದು ಓಡಿದರೆ ಆ ದೃಶ್ಯ ಸುಳ್ಳು ಹೇಳುತ್ತಿದೆ. ತಲೆಗೆ ಬಿದ್ದ ಪೆಟ್ಟು ಮಿದುಳಿನ ರಕ್ತಸ್ರಾವಕ್ಕೆ ಕಾರಣವಾಗಬಹುದು, ಒಂದೇ ಏಟಿಗೆ ಜೀವ ಹೋಗಬಹುದು. ರಕ್ತವನ್ನು ತೋರಿಸದ, ನೋವನ್ನು ಅಳಿಸಿಹಾಕಿದ ‘ಶುಚಿಯಾದ’ ಹೊಡೆದಾಟವೇ ಹದಿಹರೆಯದವರಿಗೆ ಹೆಚ್ಚು ಅಪಾಯ ಎಂದು ನಾನು ಈಗ ನಂಬುತ್ತೇನೆ. ಗಾಯಗೊಂಡವನ ಮನೆಯವರು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿರುವುದನ್ನು ತೋರಿಸುವ ಧಾರಾವಾಹಿಯಲ್ಲಿ ರಕ್ತ ಹೆಚ್ಚಿದ್ದರೂ ನನಗೆ ಅದರ ಮೇಲೆ ವಿಶ್ವಾಸವಿದೆ.

ಬೇರೆ ದಾರಿ ಇತ್ತೇ, ಯಾರಾದರೂ ಆ ದಾರಿಯ ಮಾತನ್ನು ಎತ್ತಿದರೇ? ಎತ್ತಿದವರನ್ನು ಕತೆ ಹೇಗೆ ನಡೆಸಿಕೊಂಡಿತು? ಕಾನೂನಿನ ಮಾತು ಆಡುವ ಅಧಿಕಾರಿಯನ್ನು ಹೇಡಿಯಂತೆ, ದಡ್ಡನಂತೆ ತೋರಿಸುವುದು ಈ ಬಗೆಯ ಧಾರಾವಾಹಿಗಳ ಹಳೆಯ ಚಾಳಿ. ಮಗುವಿನ ಮನಸ್ಸಿನಲ್ಲಿ ನಿಧಾನವಾಗಿ ಬೇರೂರುವುದು ಅದು.

ಕೊನೆಯದಾಗಿ, ಮಗು ಇದನ್ನು ನಾಳೆ ಮಾಡಿ ನೋಡಬಹುದೇ? ಅಣುಬಾಂಬ್ ದೃಶ್ಯವನ್ನು ಯಾವ ಹುಡುಗನೂ ಅನುಕರಿಸಲಾರ. ಹೆಲ್ಮೆಟ್ ಇಲ್ಲದೆ ಬೈಕ್ ಹಾರಿಸುವುದನ್ನು, ಹಿಂದಿನಿಂದ ಬಂದು ಗೆಳೆಯನ ಕತ್ತು ಅಮುಕಿ ಪ್ರಜ್ಞೆ ತಪ್ಪಿಸುವುದನ್ನು ಅನುಕರಿಸಬಲ್ಲ. ಅಪ್ರಾಪ್ತ ವಯಸ್ಸಿನ ಮಗು ವಾಹನ ಓಡಿಸಿ ಅಪರಾಧವಾದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ರೂ. 25,000 ದಂಡ ಮತ್ತು ಮೂರು ವರ್ಷದವರೆಗೆ ಜೈಲು ಇದೆ. ಸಾಹಸ ದೃಶ್ಯದ ಮಧ್ಯೆ ಇದನ್ನು ಒಮ್ಮೆ ಮಗನಿಗೆ ಹೇಳಿ. ಅವನಿಗೆ ಗೊತ್ತಿರುವುದಿಲ್ಲ.

ಹೆಜ್ಜೆ 5: ಆ ಪ್ರಶ್ನೆಗಳನ್ನು ‘24’ಕ್ಕೆ ಕೇಳಿದಾಗ

ಈ ಧಾರಾವಾಹಿ ಫಾಕ್ಸ್ ವಾಹಿನಿಯಲ್ಲಿ ಶುರುವಾದದ್ದು 2001ರ ನವೆಂಬರ್ 6ರಂದು, ನ್ಯೂಯಾರ್ಕಿನ ಅವಳಿ ಕಟ್ಟಡಗಳು ಉರುಳಿ ಎರಡು ತಿಂಗಳೂ ತುಂಬಿರಲಿಲ್ಲ. ಮೊದಲ ಸಂಚಿಕೆಯಲ್ಲಿ ಪ್ರಯಾಣಿಕರ ವಿಮಾನವೊಂದು ಸ್ಫೋಟಿಸುವ ದೃಶ್ಯವಿತ್ತು. ಆ ಸ್ಫೋಟವನ್ನು ಕತ್ತರಿಸಿ ಪ್ರಸಾರ ಮಾಡಿದರು. ನಾಯಕ ಜ್ಯಾಕ್ ಬಾವರ್ ಲಾಸ್ ಏಂಜಲೀಸ್‌ನ ಭಯೋತ್ಪಾದನಾ ನಿಗ್ರಹ ಘಟಕದವನು. ಒಂದು ಸೀಸನ್ ಎಂದರೆ ಒಂದು ದಿನ, ಒಂದು ಸಂಚಿಕೆ ಎಂದರೆ ಆ ದಿನದ ಒಂದು ಗಂಟೆ. ಪರದೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿರುತ್ತದೆ.

ಆ ಗಡಿಯಾರವೇ ಎಲ್ಲಕ್ಕೂ ಕಾರಣ. ಬಾಂಬ್ ಸಿಡಿಯಲು ಇನ್ನೊಂದು ಗಂಟೆ ಎಂದಾಗ ವಕೀಲ, ನ್ಯಾಯಾಲಯ, ಮಾತುಕತೆ ಎಲ್ಲವೂ ಅಡ್ಡಿಯಾಗಿ ಕಾಣುತ್ತವೆ. ಆಗ ಚಿತ್ರಹಿಂಸೆ ಒಂದೇ ದಾರಿಯಾಗಿ ಉಳಿಯುತ್ತದೆ, ಮತ್ತು ಕತೆಯಲ್ಲಿ ಅದು ಫಲ ಕೊಡುತ್ತದೆ. ಮೊದಲ ಐದು ಸೀಸನ್‌ಗಳಲ್ಲಿ ಇಂಥ 67 ದೃಶ್ಯಗಳಿವೆ ಎಂದು ಅಮೆರಿಕದ ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಎಣಿಸಿತ್ತು.

ನನ್ನ ಕಣ್ಣು ತೆರೆಸಿದ್ದು 2006ರ ನವೆಂಬರಿನ ಒಂದು ಭೇಟಿಯ ಸುದ್ದಿ. ಅಮೆರಿಕದ ಸೇನಾಧಿಕಾರಿಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಅಕಾಡೆಮಿಯ ಡೀನ್ ಆಗಿದ್ದ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್, ಅನುಭವಿ ವಿಚಾರಣಾಧಿಕಾರಿಗಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಧಾರಾವಾಹಿಯ ತಂಡವನ್ನು ಕಂಡರು. ಯುದ್ಧ ಕಾನೂನು ಬೋಧಿಸುತ್ತಿದ್ದ ಅವರ ಅಳಲು ಇಷ್ಟೇ: ಚಿತ್ರಹಿಂಸೆ ಕಾನೂನುಬಾಹಿರ, ನೀತಿಗೆ ವಿರುದ್ಧ ಎಂದು ತರಗತಿಯಲ್ಲಿ ಕಲಿಸಿದರೂ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಜ್ಯಾಕ್ ಬಾವರ್ ಕುಳಿತುಬಿಟ್ಟಿದ್ದಾನೆ. ವಿಚಾರಣೆಯಲ್ಲಿ ನುರಿತವರು ನಿಜ ಜೀವನದಲ್ಲಿ ಮಾಹಿತಿ ಸಿಗುವುದು ವಿಶ್ವಾಸ ಗಳಿಸುವುದರಿಂದ ಎಂದು ವಿವರಿಸಿದರು. ಮುಂದೆ 2014ರಲ್ಲಿ ಅಮೆರಿಕದ ಸೆನೆಟ್ಟಿನ ಗುಪ್ತಚರ ಸಮಿತಿಯ ವರದಿಯೂ ಸಿಐಎಯ ಕಠೋರ ವಿಚಾರಣಾ ವಿಧಾನಗಳು ಮಾಹಿತಿ ಪಡೆಯಲು ಪರಿಣಾಮಕಾರಿಯಾಗಿರಲಿಲ್ಲ ಎಂಬ ತೀರ್ಮಾನಕ್ಕೆ ಬಂತು.

ಹದಿನೆಂಟು ದಾಟಿ, ಯುದ್ಧ ಕಾನೂನನ್ನು ಪಠ್ಯವಾಗಿ ಓದುತ್ತಿದ್ದ ಸೇನಾ ವಿದ್ಯಾರ್ಥಿಗಳ ಮೇಲೆ ಒಂದು ಧಾರಾವಾಹಿ ಇಷ್ಟು ಕೆಲಸ ಮಾಡಿದ್ದರೆ, ಮೂಗುದಾರಕ್ಕೆ ಅಳುವ ಹದಿನಾಲ್ಕರ ಹುಡುಗ “ಎಂಥ ಉಪಾಯ” ಎಂದದ್ದರಲ್ಲಿ ಆಶ್ಚರ್ಯವೇನಿದೆ?

ಧಾರಾವಾಹಿಗೆ ನ್ಯಾಯ ಸಲ್ಲಿಸುವ ಮಾತನ್ನೂ ಹೇಳಬೇಕು. ಇಲ್ಲಿ ನಾಯಕ ಬೆಲೆ ತೆರುತ್ತಾನೆ. ಮೊದಲ ಸೀಸನ್ನಿನ ಕೊನೆಯಲ್ಲಿ ಅವನ ಹೆಂಡತಿಯ ಕೊಲೆಯಾಗುತ್ತದೆ. ಆ ನಷ್ಟದಿಂದ ಅವನು ಕೊನೆಯವರೆಗೂ ಚೇತರಿಸಿಕೊಳ್ಳುವುದಿಲ್ಲ. 2009ರ ಏಳನೆಯ ಸೀಸನ್, ಚಿತ್ರಹಿಂಸೆಯ ಆರೋಪಕ್ಕೆ ಅವನು ಸೆನೆಟ್ ಸಮಿತಿಯ ಎದುರು ಉತ್ತರ ಕೊಡುವುದರಿಂದಲೇ ಆರಂಭವಾಗುತ್ತದೆ. ದೊಡ್ಡವರಿಗೆ ಇದು ಚರ್ಚೆಗೆ ಒಳ್ಳೆಯ ವಸ್ತು. ಆದರೆ ಹದಿನಾಲ್ಕರ ಹುಡುಗ ಏಳನೆಯ ಸೀಸನ್ನಿನವರೆಗೆ ಕಾಯುವಷ್ಟರಲ್ಲಿ ಆರು ಸೀಸನ್ನಿನ ಮೆಚ್ಚುಗೆ ಗಟ್ಟಿಯಾಗಿರುತ್ತದೆ.

ಮೊದಲ ಸೀಸನ್ನಿನಲ್ಲೂ ಒಂದು ಎಚ್ಚರಿಕೆಯಿದೆ. ನಾಯಕನ ಮಗಳು, ಹದಿಹರೆಯದವಳೇ, ರಾತ್ರಿ ಮನೆಯವರಿಗೆ ಹೇಳದೆ ಹುಡುಗರನ್ನು ಭೇಟಿಯಾಗಲು ಹೋಗಿ ಅಪಹರಣಕ್ಕೆ ಒಳಗಾಗುತ್ತಾಳೆ. ಮುಂದೆ ಸೆರೆಯಲ್ಲಿರುವಾಗ ಅವಳ ತಾಯಿಯ ಮೇಲೆ ಲೈಂಗಿಕ ದೌರ್ಜನ್ಯವಾಗುತ್ತದೆ. ತೆರೆಯ ಮೇಲೆ ಅದು ಕಾಣುವುದಿಲ್ಲ; ಆದರೆ ನಡೆದದ್ದು ಏನೆಂದು ಅರ್ಥವಾಗುವ ವಯಸ್ಸಿನ ಹುಡುಗಿಯನ್ನು ಅದು ಕಾಡುತ್ತದೆ.

ನನ್ನ ತೀರ್ಪು ಹೀಗಿದೆ: ಮೊದಲ ಸೀಸನ್ ಹದಿನೈದು ದಾಟಿದವರಿಗೆ, ಪಕ್ಕದಲ್ಲಿ ಹಿರಿಯರೊಬ್ಬರು ಇದ್ದರೆ ಸರಿ; ಎರಡನೆಯದರಿಂದ ಮುಂದಿನವು ಹದಿನಾರರ ಒಳಗೆ ಬೇಡ.

ಹೆಜ್ಜೆ 6: ಶತ್ರು ಯಾರು ಎಂದು ನೋಡಿ

ನಾಲ್ಕನೆಯ ಸೀಸನ್ 2005ರಲ್ಲಿ ಬಂದಾಗ ಅದರಲ್ಲಿ ಸಾಮಾನ್ಯ ಬಡಾವಣೆಯೊಂದರಲ್ಲಿ ಬದುಕುತ್ತಿರುವ ಮುಸ್ಲಿಂ ಕುಟುಂಬವೊಂದು, ಅಪ್ಪ, ಅಮ್ಮ, ಹದಿಹರೆಯದ ಮಗ, ಭಯೋತ್ಪಾದಕರ ಸಂಚಿನ ಭಾಗವಾಗಿತ್ತು. ಅಮೆರಿಕದ ಮುಸ್ಲಿಂ ಸಂಘಟನೆಯೊಂದು ವಾಹಿನಿಯವರನ್ನು ಭೇಟಿಯಾಗಿ ಆಕ್ಷೇಪಿಸಿತು. ಆಮೇಲೆ ನಾಯಕನ ಪಾತ್ರ ಮಾಡಿದ ಕೀಫರ್ ಸದರ್ಲ್ಯಾಂಡ್ ಸ್ವತಃ ಪರದೆಯ ಮೇಲೆ ಬಂದು, ಅಮೆರಿಕದ ಮುಸ್ಲಿಮರು ಭಯೋತ್ಪಾದನೆಯ ವಿರುದ್ಧ ನಿಂತಿದ್ದಾರೆ ಎಂದು ನೋಡುಗರಿಗೆ ನೆನಪಿಸಬೇಕಾಯಿತು.

ನಮ್ಮ ಮಕ್ಕಳು ಶಾಲೆಯಲ್ಲಿ ಎಲ್ಲ ಧರ್ಮದ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಡಬ್ಬಿ ಹಂಚಿಕೊಂಡು ಉಣ್ಣುತ್ತಾರೆ. ಧಾರಾವಾಹಿಯ ಖಳರೆಲ್ಲ ಒಂದೇ ಧರ್ಮದವರೇ, ಒಂದೇ ಭಾಷೆಯವರೇ, ಒಂದೇ ಪ್ರದೇಶದವರೇ? ಆ ಸಮುದಾಯದ ಒಬ್ಬ ಒಳ್ಳೆಯ ವ್ಯಕ್ತಿಯಾದರೂ, ಒಬ್ಬ ಸಾಮಾನ್ಯ ಅಂಗಡಿಯವನಾದರೂ ಕತೆಯಲ್ಲಿ ಇದ್ದಾನೆಯೇ? ಇಲ್ಲವೆಂದಾದರೆ, ಹಿಂಸೆ ಎಷ್ಟೇ ಕಡಿಮೆ ಇದ್ದರೂ ಆ ಧಾರಾವಾಹಿಯನ್ನು ಮಗುವಿನೊಂದಿಗೆ ಮಾತನಾಡದೆ ಬಿಡುವುದು ತಪ್ಪು. ಹೆಣ್ಣು ಪಾತ್ರಗಳ ಬಗ್ಗೆಯೂ ಇದೇ ಪ್ರಶ್ನೆ: ಅವರು ಏನಾದರೂ ತೀರ್ಮಾನ ತೆಗೆದುಕೊಳ್ಳುತ್ತಾರೆಯೇ, ಅಥವಾ ಅಪಹರಣಕ್ಕೊಳಗಾಗಲು ಮಾತ್ರ ಇದ್ದಾರೆಯೇ?

ಹೆಜ್ಜೆ 7: ಸಮಯದ ಲೆಕ್ಕ ಹಾಕಿ

ಜಾಹೀರಾತು ಕಳೆದರೆ ‘24’ರ ಒಂದು ಸಂಚಿಕೆ ಸುಮಾರು 42 ನಿಮಿಷ. ಒಂದು ಸೀಸನ್ ಎಂದರೆ ಸುಮಾರು 17 ಗಂಟೆ. ಹದಿಮೂರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ದೆ ಬೇಕು. ಪ್ರತಿ ಸಂಚಿಕೆಯೂ ತುದಿಗಾಲಿನಲ್ಲಿ ನಿಲ್ಲಿಸುವ ಕ್ಷಣದಲ್ಲೇ ಮುಗಿಯುವುದರಿಂದ, ಇನ್ನೊಂದು, ಇನ್ನೊಂದು ಎಂದು ರಾತ್ರಿ ಒಂದು ಗಂಟೆಯಾಗುತ್ತದೆ.

ನಮ್ಮ ಮನೆಯಲ್ಲಿ ಫಲಕೊಟ್ಟ ಉಪಾಯವೊಂದಿದೆ. ಸಂಚಿಕೆಯ ಕೊನೆಯಲ್ಲಿ ನಿಲ್ಲಿಸುವ ಬದಲು ಮುಂದಿನ ಸಂಚಿಕೆಯ ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸುವುದು. ಅಷ್ಟರಲ್ಲಿ ಆ ಬಿಗಿ ಸಡಿಲಗೊಂಡಿರುತ್ತದೆ, ಹೊಸ ಗಂಟು ಇನ್ನೂ ಬಿದ್ದಿರುವುದಿಲ್ಲ. ಎದ್ದುಹೋಗಲು ಮಗುವಿಗೆ ಕಷ್ಟವಾಗುವುದಿಲ್ಲ. ಜೊತೆಗೆ, ಮುಂದಿನ ಸಂಚಿಕೆ ತಾನಾಗಿ ಶುರುವಾಗುವ ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿ.

ಹೆಜ್ಜೆ 8: ಬೀಗ ಹಾಕಿ, ಆದರೆ ಮಗುವಿಗೆ ಹೇಳಿ ಹಾಕಿ

ನೆಟ್‌ಫ್ಲಿಕ್ಸ್‌ನಲ್ಲಿ ಪ್ರತಿ ಪ್ರೊಫೈಲ್‌ಗೂ ವಯಸ್ಸಿನ ಮಿತಿ ಇಡಬಹುದು, ನಿರ್ದಿಷ್ಟ ಧಾರಾವಾಹಿಯ ಹೆಸರು ಹಾಕಿ ಅದು ಕಾಣದಂತೆ ಮಾಡಬಹುದು, ದೊಡ್ಡವರ ಪ್ರೊಫೈಲ್‌ಗೆ ನಾಲ್ಕಂಕಿಯ ಪಿನ್ ಹಾಕಬಹುದು. ಪ್ರೈಮ್ ವಿಡಿಯೊದಲ್ಲೂ ಪಿನ್ ಸೌಲಭ್ಯವಿದೆ. ಮಗುವಿಗೆ ಬೇರೆ ಪ್ರೊಫೈಲ್ ಮಾಡಿಕೊಡುವುದು ಅತಿ ಮುಖ್ಯ. ಒಂದೇ ಪ್ರೊಫೈಲ್ ಇದ್ದರೆ ಅಪ್ಪ ನೋಡಿದ ಧಾರಾವಾಹಿಗಳ ಆಧಾರದ ಮೇಲೆ ಮಗನಿಗೆ ಶಿಫಾರಸುಗಳು ಬರುತ್ತವೆ. ಪಿನ್ ಸಂಖ್ಯೆ ನಿಮ್ಮ ಹುಟ್ಟಿದ ವರ್ಷವಾಗಿರಬಾರದು.

ಕದ್ದು ಹಾಕಿದ ಬೀಗ ಜಗಳಕ್ಕೆ ದಾರಿ. ಯಾವುದಕ್ಕೆ, ಯಾವಾಗಿನವರೆಗೆ, ಯಾಕೆ ಎಂದು ಮಗುವಿಗೆ ಹೇಳಿಬಿಡಿ. “ಹತ್ತನೇ ತರಗತಿ ಮುಗಿದ ಮೇಲೆ ಇಬ್ಬರೂ ಕುಳಿತು ನೋಡೋಣ” ಎಂದರೆ ಅದರಲ್ಲಿ ಒಂದು ಗಡುವಿದೆ, ಗೌರವವಿದೆ. “ನಿನಗೆ ಅರ್ಥವಾಗುವುದಿಲ್ಲ, ಹೋಗು” ಎಂಬ ಮಾತಿನಲ್ಲಿ ಎರಡೂ ಇಲ್ಲ.

ಹೆಜ್ಜೆ 9: ಜೊತೆಯಲ್ಲಿ ನೋಡುವಾಗ

ಪ್ರತಿ ದೃಶ್ಯಕ್ಕೂ ಟಿವಿ ನಿಲ್ಲಿಸಿ ಬುದ್ಧಿ ಹೇಳಿದರೆ ಮಗು ನಿಮ್ಮ ಜೊತೆ ಕುಳಿತುಕೊಳ್ಳುವುದನ್ನೇ ಬಿಡುತ್ತದೆ. ಒಂದು ಸಂಚಿಕೆಗೆ ಒಂದೇ ಪ್ರಶ್ನೆ ಸಾಕು, ಅದೂ ಊಟದ ಹೊತ್ತಿಗೆ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆ ಬೇಡ.

ಆ ದಿನ ನಾನು ಕೇಳಿದ್ದು ಇದು: “ಪರದೆಯ ಮೇಲೆ ಬಂದೂಕಿನ ಎದುರು ಕುಳಿತಿದ್ದ ಆ ಮಗನಿಗೆ ಅದು ನಾಟಕ ಎಂದು ಗೊತ್ತಿತ್ತೇ?” ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, “ಗೊತ್ತಿರಲಿಕ್ಕಿಲ್ಲ ದೊಡ್ಡಮ್ಮ. ಅವನು ಎಷ್ಟು ಹೆದರಿರಬೇಕು” ಎಂದ. ನಾನು ಮತ್ತೇನನ್ನೂ ಸೇರಿಸಲಿಲ್ಲ. ಮರುದಿನ ಅವನೇ ಕೇಳಿದ: “ನಮ್ಮ ಪೊಲೀಸರು ಹೊಡೆದು ಒಪ್ಪಿಸಿದರೆ ಕೋರ್ಟಿನಲ್ಲಿ ನಡೆಯುತ್ತದೆಯೇ?” ಆಗ ಹೇಳಲು ನನ್ನ ಬಳಿ ಗಟ್ಟಿಯಾದ ಸಂಗತಿಯಿತ್ತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಅದು ಮುಂದುವರಿದಿದೆ. ಏಟು ತಾಳಲಾರದವನು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ ಎಂಬ ಹಳೆಯ ಅನುಭವ ಅದರ ಹಿಂದಿದೆ. ಅದನ್ನು ಕೇಳುವಾಗ ಅವನ ಮುಖದಲ್ಲಿದ್ದ ಆಸಕ್ತಿ, ಗುಂಡಿನ ಕಾಳಗ ನೋಡುವಾಗ ಇದ್ದದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ಈಗಾಗಲೇ ನೋಡಿಬಿಟ್ಟಿದ್ದರೆ

ಗೆಳೆಯನ ಮನೆಯಲ್ಲೋ ಮೊಬೈಲಿನಲ್ಲೋ ಮಗು ಎಲ್ಲ ಸೀಸನ್‌ಗಳನ್ನೂ ನೋಡಿ ಮುಗಿಸಿರುವುದು ಗೊತ್ತಾದರೆ ಗದರಬೇಡಿ. ಗದರಿದರೆ ಮುಂದಿನ ಸಲ ಸುದ್ದಿಯೇ ನಿಮ್ಮವರೆಗೆ ಬರುವುದಿಲ್ಲ. “ನಿನಗೆ ಯಾವ ದೃಶ್ಯ ಇನ್ನೂ ನೆನಪಿದೆ?” ಎಂದು ಕೇಳಿ. ಮಕ್ಕಳು ಆರಿಸುವ ದೃಶ್ಯ ಬಹಳ ಸಲ ನಾವು ಊಹಿಸಿದ್ದಾಗಿರುವುದಿಲ್ಲ.

ನಂತರದ ಕೆಲವು ವಾರ ಸುಮ್ಮನೆ ಗಮನಿಸಿ: ನಿದ್ದೆಯಲ್ಲಿ ಬೆಚ್ಚಿಬೀಳುವುದು, ಒಬ್ಬರೇ ಕೋಣೆಯಲ್ಲಿ ಮಲಗಲು ಹೆದರುವುದು, ತಮ್ಮ ತಂಗಿಯರ ಮೇಲೆ ಹೊಸದಾಗಿ ಕೈ ಮಾಡುವುದು, ನೋವಿನಲ್ಲಿರುವವರನ್ನು ಕಂಡು ನಗುವುದು. ಇವು ಎರಡು ಮೂರು ವಾರವಾದರೂ ಕಡಿಮೆಯಾಗದಿದ್ದರೆ ಮಕ್ಕಳ ವೈದ್ಯರನ್ನೋ ಶಾಲೆಯ ಆಪ್ತಸಮಾಲೋಚಕರನ್ನೋ ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಪರದೆಯಿಂದ ಏಳಲಾಗದಷ್ಟು ಅಂಟಿಕೊಂಡ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಎಂಬ ಹೆಸರಿನ ಪ್ರತ್ಯೇಕ ಕ್ಲಿನಿಕ್ ಇದೆ. ಹೋಗುವಾಗ ಮಗು ಏನನ್ನು, ದಿನಕ್ಕೆ ಎಷ್ಟು ಹೊತ್ತು, ಯಾವ ಸಮಯದಲ್ಲಿ ನೋಡುತ್ತದೆ ಎಂದು ಒಂದು ವಾರದ ಟಿಪ್ಪಣಿ ಬರೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲವಾಗುತ್ತದೆ.